ಊಟ ಸರಿಯಾಗಿ ಮಾಡಿಸ್ತೀರಾ?

ಈ ಪ್ರಶ್ನೆಯನ್ನು ನಾನೊಮ್ಮೆ ಒಬ್ಬ ತಾಯಿಗೆ ಕೇಳಿದ್ದೆ. ಕೇಳಿ ಐದಾರು ವರ್ಷವೇ ಆಯಿತು. ಇದಕ್ಕಿಂತ ಕೆಟ್ಟ ಮಾತುಗಳನ್ನು ಬೇಕಾದಷ್ಟು ಜನರಿಗೆ ಆಡಿದ್ದೇನೆ, ಅವೆಲ್ಲ ಮರೆತೂ ಹೋಗಿವೆ. ಇದೊಂದು ಮಾತ್ರ ಚಪ್ಪಲಿಯೊಳಗೆ ಸೇರಿದ ಕಲ್ಲಿನ ಹಾಗೆ ಆಗಾಗ ಚುಚ್ಚುತ್ತದೆ.

ಗೆಳತಿಯೊಬ್ಬಳಿಗೆ ಆಗ ಪುಟ್ಟ ಮಕ್ಕಳ ತೂಕ, ಉದ್ದ ಅಳೆದು ಬರೆದಿಡುವ ಕೆಲಸ. ಅವತ್ತು ಅವಳ ಜೊತೆಯವರೊಬ್ಬರು ಬಂದಿರಲಿಲ್ಲ. ಸುಮ್ನೆ ಕೂತು ಅಂಕಿ ಬರೆದುಕೋ ಸಾಕು ಅಂತ ನನ್ನನ್ನು ಎಳೆದುಕೊಂಡು ಹೋದಳು. ಹೋದ ಮೇಲೆ ಗೊತ್ತಾಯಿತು, ಬರೆಯುವುದರ ಜೊತೆ ಮಕ್ಕಳ ಕಾಲು ಹಿಡಿಯುವುದೂ ನನ್ನ ಪಾಲಿಗೇ ಬಿದ್ದಿದೆ ಅಂತ. ಎರಡು ವರ್ಷದೊಳಗಿನ ಮಕ್ಕಳನ್ನು ನಿಲ್ಲಿಸಿ ಅಳೆಯುವುದಿಲ್ಲ, ಹಲಗೆಯ ಮೇಲೆ ಮಲಗಿಸಿ ಅಳೆಯುತ್ತಾರೆ. ತಲೆ ಒಂದು ತುದಿಗೆ ಒತ್ತಿರಬೇಕು, ಮಂಡಿ ಮಡಚಬಾರದು, ಜಾರುವ ಪಟ್ಟಿಯನ್ನು ಪಾದಕ್ಕೆ ತಾಗಿಸಿ ತಕ್ಷಣ ಅಂಕಿ ನೋಡಬೇಕು. ನಿಂತಾಗ ಮಗು ಮಲಗಿದ್ದಕ್ಕಿಂತ ಸುಮಾರು 0.7 ಸೆಂಟಿಮೀಟರ್ ಕಡಿಮೆ ಬರುತ್ತದಂತೆ, ಅದಕ್ಕೇ ಇಷ್ಟೆಲ್ಲ ಕಟ್ಟುನಿಟ್ಟು. ಹೇಳುವುದಕ್ಕೆ ಸುಲಭ. ಕಿರುಚುವ, ಒದೆಯುವ, ಬೆವರಿದ ಮಗುವಿನ ಮಂಡಿಯನ್ನು ನೋವಾಗದ ಹಾಗೆ ಒತ್ತಿ ಹಿಡಿಯುವುದು ಎಷ್ಟು ಕಷ್ಟ ಅಂತ ಹಿಡಿದವರಿಗೇ ಗೊತ್ತು.

ಆ ಹುಡುಗಿ ಮಾತ್ರ ಅಳಲಿಲ್ಲ. ಎರಡು ವರ್ಷ ತುಂಬುವುದಕ್ಕೆ ಕೆಲವೇ ದಿನ ಬಾಕಿ ಇತ್ತು. ಹಲಗೆಯ ಮೇಲೆ ಮಲಗಿಕೊಂಡೇ ನನ್ನ ಪೆನ್ನಿನ ಮುಚ್ಚಳ ಕಿತ್ತುಕೊಂಡಳು, ಬಾಯಿಗೆ ಹಾಕಿದಳು, ನಾನು ಕಸಿದುಕೊಂಡಾಗ ನಕ್ಕಳು. ಉದ್ದ 78.6 ಸೆಂಟಿಮೀಟರ್ ಬಂತು. ಗೆಳತಿ ಬೆಳವಣಿಗೆಯ ಪಟ್ಟಿ ನೋಡಿದಳು. ಆ ವಯಸ್ಸಿನ ಹೆಣ್ಣುಮಗುವಿಗೆ ನಡುಮಧ್ಯದ ಅಂಕಿ 86.4. ತೀರಾ ಕಡಿಮೆ ಅಂದರೆ 80 ಇರಬೇಕು. ಅದಕ್ಕಿಂತ ಕೆಳಗಿದ್ದರೆ ಬೆಳವಣಿಗೆ ಕುಂಠಿತ ಅಂತ ಬರೆಯುತ್ತಾರೆ.

ಆಗ ನನ್ನ ಬಾಯಿಂದ ಬಂದದ್ದೇ ಆ ಪ್ರಶ್ನೆ. "ಊಟ ಸರಿಯಾಗಿ ಮಾಡಿಸ್ತೀರಾ?"

ಮಗುವಿನ ತಾಯಿ ನನ್ನನ್ನು ಒಂದು ಕ್ಷಣ ನೋಡಿದಳು. "ಮಾಡಿಸದೇ ಇರ್ತೀನಾ ಅಕ್ಕಾ? ಇವಳಣ್ಣನಿಗೆ ಕೊಟ್ಟಷ್ಟೇ ಇವಳಿಗೂ ಕೊಡ್ತೀನಿ. ಹುಷಾರಿಲ್ಲ ಅಂತ ಮಲಗಿದ್ದೇ ಕಮ್ಮಿ ಇವಳು." ಇಷ್ಟು ಹೇಳಿ ಮಗುವಿನ ಫ್ರಾಕ್ ಸರಿ ಮಾಡಿ, ಎತ್ತಿಕೊಂಡು ಹೊರಟಳು. ಅವಳು ಹೋದ ಮೇಲೆ ಗೆಳತಿ ಅಂದಳು, "ಅದನ್ನ ಕೇಳ್ಬಾರದಿತ್ತು ಕಣೇ." ಯಾಕೆ ಅಂತ ಅವತ್ತು ನನಗೆ ಅರ್ಥವಾಗಲಿಲ್ಲ. ಮಗು ಕುಳ್ಳಗಿದೆ, ಅಂದರೆ ಊಟ ಸಾಲುತ್ತಿಲ್ಲ. ಇದರಲ್ಲಿ ತಪ್ಪೇನು ಅಂತಲೇ ನಾನು ಅಂದುಕೊಂಡಿದ್ದೆ.

ಕುಳ್ಳಗಿದ್ದರೆ ಏನಾಯ್ತು?

ಮೊದಲು ಈ ವಾದವನ್ನು ಮುಗಿಸಿಬಿಡುತ್ತೇನೆ, ಯಾಕೆಂದರೆ ಎಲ್ಲರೂ ಎತ್ತುವುದು ಇದನ್ನೇ. ಅಪ್ಪ ಅಮ್ಮ ಕುಳ್ಳಗಿದ್ದಾರೆ, ಮಗುವೂ ಹಾಗೇ ಇದೆ, ಅದಕ್ಯಾಕೆ ತಲೆಬಿಸಿ? ಒಂದು ಮಗುವಿನ ವಿಷಯದಲ್ಲಿ ಇದು ನಿಜವೂ ಇರಬಹುದು. ಆದರೆ ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೊರತಂದ ಬೆಳವಣಿಗೆಯ ಪಟ್ಟಿ ತಯಾರಾದ ಬಗೆ ನೋಡಿ. ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಒಮಾನ್, ಅಮೆರಿಕ ಈ ಆರು ದೇಶಗಳ ಸುಮಾರು 8,500 ಮಕ್ಕಳನ್ನು ಅಳೆದರು. ಎದೆಹಾಲು ಸಿಕ್ಕ, ಮನೆಯಲ್ಲಿ ಅನುಕೂಲ ಇದ್ದ, ಶುಚಿಯಾದ ಕಡೆ ಬೆಳೆದ ಮಕ್ಕಳನ್ನೇ ಆರಿಸಿದ್ದರು. ಮೊದಲ ಐದು ವರ್ಷದಲ್ಲಿ ದೆಹಲಿಯ ಮಗುವಿಗೂ ಓಸ್ಲೋದ ಮಗುವಿಗೂ ಹೆಚ್ಚುಕಡಿಮೆ ಒಂದೇ ಗೆರೆ ಬಂತು. ಅಷ್ಟು ದೂರದೂರದ ಮಕ್ಕಳು ಅಷ್ಟು ಒಂದೇ ಥರ ಬೆಳೆದರು ಅಂದಮೇಲೆ, ಒಂದು ಬೀದಿಯ ಅರ್ಧದಷ್ಟು ಮಕ್ಕಳು ಗೆರೆಯ ಕೆಳಗಿದ್ದರೆ ಅದನ್ನು ವಂಶದ ತಲೆಗೆ ಕಟ್ಟುವುದು ಕಷ್ಟ.

ಇನ್ನು ಎತ್ತರದ ಮಾತು. ಎತ್ತರ ಸ್ವತಃ ದೊಡ್ಡ ವಿಷಯವೇನಲ್ಲ (ನಾನೇ ಮೇಲಿನ ಕಪಾಟಿಗೆ ಸ್ಟೂಲ್ ಹಾಕಿಕೊಳ್ಳುವವಳು). ಆದರೆ ಮಗುವಿನ ಉದ್ದ ಒಂದು ಲೆಕ್ಕದ ಪುಸ್ತಕ ಇದ್ದ ಹಾಗೆ. ಹುಟ್ಟಿದಾಗ ಸುಮಾರು 50 ಸೆಂಟಿಮೀಟರ್ ಇದ್ದ ಕೂಸು ಒಂದು ವರ್ಷಕ್ಕೆ ಸುಮಾರು 75 ಆಗುತ್ತದೆ, ಎರಡಕ್ಕೆ 87ರ ಆಸುಪಾಸು. ಹುಟ್ಟಿದ ಮೇಲೆ ಈ ವೇಗ ಮತ್ತೆಂದೂ ಬರುವುದಿಲ್ಲ. ಮೂಳೆ ಬೆಳೆಯುವ ಆ ಹೊತ್ತಲ್ಲೇ ಮಿದುಳೂ ಬೆಳೆಯುತ್ತಿರುತ್ತದೆ, ರೋಗ ತಡೆಯುವ ಶಕ್ತಿಯೂ ಕೂಡಿಬರುತ್ತಿರುತ್ತದೆ. ಬಸಿರಿನ 270 ದಿನ, ಆಮೇಲಿನ ಎರಡು ವರ್ಷ, ಒಟ್ಟು ಸಾವಿರ ದಿನ ಅಂತ ಹೇಳುವುದು ಇದಕ್ಕೇ. ಈ ಅವಧಿಯಲ್ಲಿ ಉದ್ದ ಹಿಂದೆ ಬಿದ್ದಿದೆ ಅಂದರೆ ಒಳಗೆ ಬೇರೆ ಏನೇನೋ ಹಿಂದೆ ಬಿದ್ದಿರಬಹುದು ಅಂತ ಅರ್ಥ. 2022ರ ಲೆಕ್ಕದಲ್ಲಿ ಜಗತ್ತಿನಲ್ಲಿ ಐದು ವರ್ಷದೊಳಗಿನ ಹಾಗಿದ್ದ ಮಕ್ಕಳು 14.8 ಕೋಟಿ. ನೂರಕ್ಕೆ 22.

ಒಂದು ಗಂಟೆ, ಒಂದು ಬಾಯಿ

ನನ್ನ ಅಕ್ಕನ ಮಗನಿಗೆ ಒಂಬತ್ತು ತಿಂಗಳಿದ್ದಾಗ ಒಂದು ಮಧ್ಯಾಹ್ನ ಅವನನ್ನು ನೋಡಿಕೊಳ್ಳುವ ಸರದಿ ನನ್ನದಾಯಿತು. ಅಂಬೆಗಾಲಿನ ವಯಸ್ಸು. ಅಷ್ಟರಲ್ಲಿ ಗೆಳತಿಯಿಂದ ಒಂದಿಷ್ಟು ಕೇಳಿ, ಒಂದಿಷ್ಟು ಓದಿ, ಈ ವಿಷಯ ತಲೆಗೆ ಹತ್ತಿತ್ತು. ಸರಿ, ಒಂದು ಗಂಟೆಯಲ್ಲಿ ಇವನ ಬಾಯಿಗೆ ಏನೇನು ಹೋಗುತ್ತದೆ ಅಂತ ಎಣಿಸೋಣ ಅಂತ ಕೂತೆ. ಹೆಬ್ಬೆರಳು. ಗಿಲಕಿ. ನೆಲದ ಮೇಲೆ ಉಜ್ಜಿದ ಅಂಗೈ ಪೂರ್ತಿ. ಚಾಪೆಯ ಅಂಚು. ನನ್ನ ಚಪ್ಪಲಿಯ ಪಟ್ಟಿ, ಅದೂ ನಾನು ಫೋನ್ ನೋಡಿದ ಹತ್ತು ಸೆಕೆಂಡಿನಲ್ಲಿ. ಮತ್ತೆ ಅಂಗೈ. ಕಿಟಕಿಯ ಕೆಳಗೆ ಬಿದ್ದಿದ್ದ, ಏನು ಅಂತ ನನಗೆ ಇವತ್ತಿಗೂ ಗೊತ್ತಿಲ್ಲದ ಕಪ್ಪು ಚೂರು. ನಲವತ್ತೊಂದರ ತನಕ ಎಣಿಸಿ ಬಿಟ್ಟೆ. ಗಂಟೆ ಇನ್ನೂ ಆಗಿರಲಿಲ್ಲ.

ಅಕ್ಕನ ಮನೆ ತಕ್ಕಮಟ್ಟಿಗೆ ಚೊಕ್ಕಟ. ಗಟ್ಟಿ ನೆಲ, ಒಳಗೇ ನಲ್ಲಿ, ಒಳಗೇ ಶೌಚಾಲಯ. ಅದೇ ನಲವತ್ತೊಂದು ಸಲ ಮಣ್ಣಿನ ನೆಲದಿಂದ, ಕೋಳಿ ಓಡಾಡುವ ಅಂಗಳದಿಂದ, ಪಕ್ಕದಲ್ಲೇ ಯಾರೋ ಬಯಲಿಗೆ ಹೋಗಿ ಬಂದ ಕಾಲಿನ ಗುರುತಿನ ಮೇಲಿಂದ ಆಗಿದ್ದರೆ? ಜಿಂಬಾಬ್ವೆಯಲ್ಲಿ ಸಂಶೋಧಕರು ಹಳ್ಳಿಮನೆಗಳಲ್ಲಿ ಹೀಗೇ ಕೂತು ಗಂಟೆಗಟ್ಟಲೆ ಕೂಸುಗಳನ್ನು ನೋಡಿದ್ದಾರೆ. ಮಕ್ಕಳು ಮಣ್ಣು ತಿಂದರು, ಕೆಲವು ಕೋಳಿ ಹಿಕ್ಕೆಯನ್ನೂ ಬಾಯಿಗೆ ಹಾಕಿಕೊಂಡವು. ಲೆಕ್ಕ ಹಾಕಿದಾಗ, ಮಗು ಕುಡಿಯುವ ನೀರಿನಿಂದ ಹೋಗುವ ಮಲದ ರೋಗಾಣುಗಳಿಗಿಂತ ಒಂದು ಚೂರು ಹಿಕ್ಕೆಯಿಂದ ಹೋಗುವುದು ಎಷ್ಟೋ ಪಟ್ಟು ಜಾಸ್ತಿ ಇತ್ತು. ನಾವೆಲ್ಲ ನೀರು ಕುದಿಸಿ ಆರಿಸಿ ಕೊಟ್ಟರೆ ಕೆಲಸ ಮುಗಿಯಿತು ಅಂದುಕೊಂಡಿರುತ್ತೇವೆ ಅಲ್ವಾ? ಕುದಿಸಲೇಬೇಕು, ಬೇಡ ಅನ್ನುತ್ತಿಲ್ಲ. ಆದರೆ ಕೂಸಿಗೆ ಬಾಯಿಯೇ ಕಣ್ಣು, ಬಾಯಿಯೇ ಕೈ. ಜಗತ್ತನ್ನು ಅದು ನೆಕ್ಕಿಯೇ ತಿಳಿದುಕೊಳ್ಳುವುದು.

ನೀರಿನ ವಿಷಯದಲ್ಲೂ ಒಂದು ಅಡ್ಡಮಾತು. ಕೊಳವೆಬಾವಿಯಲ್ಲಿ ಚೆನ್ನಾಗಿಯೇ ಇರುವ ನೀರು ಬಾಯಿಗೆ ಸೇರುವ ಹೊತ್ತಿಗೆ ಹಾಗೇ ಇರಬೇಕು ಅಂತೇನಿಲ್ಲ. ಅಗಲ ಬಾಯಿಯ ಪಾತ್ರೆಗೆ ಲೋಟ ಅದ್ದಿ ತೆಗೆಯುವಾಗ ಬೆರಳೂ ಅದ್ದುತ್ತದೆ. ಕೆಳಗೆ ನಲ್ಲಿ ಇರುವ ಪಾತ್ರೆ ಅಥವಾ ಉದ್ದ ಹಿಡಿಯ ಸೌಟು, ಇಷ್ಟರಿಂದಲೇ ಎಷ್ಟೋ ವ್ಯತ್ಯಾಸ ಆಗುತ್ತದೆ. ಆರು ತಿಂಗಳ ತನಕ ಕೂಸಿಗೆ ಎದೆಹಾಲು ಬಿಟ್ಟು ನೀರೂ ಬೇಡ ಅನ್ನುವುದರ ಹಿಂದೆ ಇರುವ ಒಂದು ಕಾರಣವೂ ಇದೇ. ಮತ್ತೆ, ಕೂಸಿನ ಕಕ್ಕದಿಂದ ಏನಾಗುತ್ತೆ ಅಂತ ಮೋರಿಗೋ ಕಸದ ಗುಂಡಿಗೋ ಹಾಕುತ್ತಾರಲ್ಲ, ಅದರಲ್ಲೂ ರೋಗಾಣು ಬೇಕಾದಷ್ಟಿರುತ್ತವೆ.

ಕಾಣದ ಕಾಯಿಲೆ

ಆ ತಾಯಿ ಹೇಳಿದ್ದಳಲ್ಲ, "ಮಲಗಿದ್ದೇ ಕಮ್ಮಿ" ಅಂತ. ನನ್ನನ್ನು ಜಾಸ್ತಿ ಕಾಡಿದ್ದು ಆ ಮಾತು. ಕೊಳಕು ನೀರು ಅಂದರೆ ಭೇದಿ, ಭೇದಿ ಅಂದರೆ ಮಗು ಸೊರಗುತ್ತದೆ, ಇಷ್ಟು ನನಗೂ ಗೊತ್ತಿತ್ತು. ಅದು ಸುಳ್ಳೂ ಅಲ್ಲ. ಭೇದಿ ಬಂದ ಮಗು ಉಣ್ಣುವುದಿಲ್ಲ, ಉಂಡದ್ದು ನಿಲ್ಲುವುದಿಲ್ಲ, ಚೇತರಿಸಿಕೊಳ್ಳುವಷ್ಟರಲ್ಲಿ ಇನ್ನೊಂದು ಸಲ. ಎರಡು ವರ್ಷದೊಳಗೆ ಮತ್ತೆ ಮತ್ತೆ ಹೀಗಾದರೆ ಬೆಳವಣಿಗೆ ಕುಗ್ಗುವ ಸಾಧ್ಯತೆ ಪ್ರತಿ ಸಲವೂ ಏರುತ್ತದೆ. ಇದಕ್ಕೆ ಓಆರ್‌ಎಸ್ ಇದೆ, ಹತ್ತು ಹದಿನಾಲ್ಕು ದಿನ ಸತು ಕೊಡುವ ಪದ್ಧತಿ ಇದೆ. ಜೀವ ಉಳಿಸುವ ವಿಷಯದಲ್ಲಿ ಅವೆರಡೂ ದೊಡ್ಡವೇ.

ಆದರೆ ಭೇದಿಯೇ ಆಗದ ಮಗು?

ಸಣ್ಣ ಕರುಳಿನ ಒಳಮೈ ನುಣ್ಣಗಿರುವುದಿಲ್ಲ. ಟವಲಿನ ಎಳೆಗಳಂತೆ ಸಾವಿರಾರು ಪುಟ್ಟ ಚಾಚುಗಳಿರುತ್ತವೆ. ಶಾಲೆಯಲ್ಲಿ ವಿಲ್ಲೈ ಅಂತ ಓದಿರುತ್ತೀರಿ. ಉಂಡದ್ದನ್ನು ಹೀರಿಕೊಳ್ಳುವುದು ಅವೇ. ದಿನಾ ಸ್ವಲ್ಪ ಸ್ವಲ್ಪ ಮಲದ ರೋಗಾಣುಗಳು ಒಳಗೆ ಹೋಗುತ್ತಲೇ ಇದ್ದರೆ, ಒಂದು ದಿನವೂ ಭೇದಿ ಆಗದೆಯೂ, ಆ ಚಾಚುಗಳು ಮೊಂಡಾಗುತ್ತವೆ. ಟವಲು ಸವೆದು ಬರೀ ಬಟ್ಟೆಯಾದ ಹಾಗೆ. ಹೀರುವುದು ಕಡಿಮೆಯಾಗುತ್ತದೆ. ಜೊತೆಗೆ ಕರುಳಿನ ಗೋಡೆ ಸಡಿಲವಾಗಿ, ಒಳಗೇ ಇರಬೇಕಾದ ರೋಗಾಣುಗಳ ಚೂರುಪಾರು ರಕ್ತಕ್ಕೆ ಸೋರುತ್ತದೆ. ಮೈ ಅದರ ವಿರುದ್ಧ ಹಗಲೂ ರಾತ್ರಿ ಕಾದಾಡುತ್ತದೆ. ಆ ಕಾದಾಟ ಪುಕ್ಕಟೆ ನಡೆಯುವುದಿಲ್ಲ, ಬೆಳೆಯುವುದಕ್ಕೆ ಅಂತ ಬಂದ ಅನ್ನದಲ್ಲೇ ಅದರ ಪಾಲೂ ಹೋಗಬೇಕು. ಸಾಲದ್ದಕ್ಕೆ, ಮೈಯೊಳಗೆ ಉರಿಯೂತ ನಿಲ್ಲದೇ ಇದ್ದರೆ ಮೂಳೆ ಬೆಳೆಸುವ ಹಾರ್ಮೋನುಗಳ ಕೆಲಸವೂ ತಗ್ಗುತ್ತದೆ. ಹೊರಗೆ ಮಾತ್ರ ಏನೂ ಕಾಣುವುದಿಲ್ಲ. ಮಗು ನಗುತ್ತದೆ, ಪೆನ್ನಿನ ಮುಚ್ಚಳ ಕಿತ್ತುಕೊಳ್ಳುತ್ತದೆ.

ಇದು ಬರೀ ಬಡವರ ಮೈಯ ದೋಷ ಅಲ್ಲ ಅನ್ನುವುದಕ್ಕೆ ನನಗೆ ಇಷ್ಟವಾದ ಪುರಾವೆ ಹಳೆಯದು. 1960ರ ದಶಕದಲ್ಲಿ ಪೀಸ್ ಕೋರ್ ಅನ್ನುವ ಸಂಸ್ಥೆಯಿಂದ ಪಾಕಿಸ್ತಾನಕ್ಕೆ ಬಂದ ಅಮೆರಿಕದ ಯುವಕ ಯುವತಿಯರನ್ನು ಪರೀಕ್ಷೆ ಮಾಡಿದಾಗ, ಚೆನ್ನಾಗಿ ಉಂಡು ಬೆಳೆದಿದ್ದ ಅವರ ಕರುಳಲ್ಲೂ ಇದೇ ಬದಲಾವಣೆ ಸಿಕ್ಕಿತು. ತಮ್ಮ ದೇಶಕ್ಕೆ ವಾಪಸಾದ ಮೇಲೆ ಮೆಲ್ಲಗೆ ಸರಿಹೋಯಿತು. ಅವರಿಗೆ ವಾಪಸ್ ಹೋಗಲು ಒಂದು ಜಾಗ ಇತ್ತು. ಆಫ್ರಿಕಾದ ಗ್ಯಾಂಬಿಯಾ ದೇಶದ ಕೆನೆಬಾ ಅನ್ನುವ ಹಳ್ಳಿಯ ಕೂಸುಗಳ ಕರುಳಿನ ಸೋರಿಕೆಯನ್ನು ಅಳೆದ 1991ರ ಅಧ್ಯಯನದಲ್ಲಿ, ಉದ್ದ ಬೆಳೆಯುವುದರಲ್ಲಿ ಆದ ಹಿನ್ನಡೆಯ 43 ಶೇಕಡಾದಷ್ಟು ಆ ಸೋರಿಕೆಗೇ ಹೊಂದಿಕೆಯಾಗುತ್ತಿತ್ತು. 2009ರಲ್ಲಿ ಜೀನ್ ಹಂಫ್ರಿ ಅನ್ನುವ ವಿಜ್ಞಾನಿ ಇನ್ನೂ ನೇರವಾಗಿ ಬರೆದರು: ಮಕ್ಕಳನ್ನು ಕುಗ್ಗಿಸುತ್ತಿರುವುದು ಭೇದಿಗಿಂತ ಹೆಚ್ಚಾಗಿ ಈ ಸದ್ದಿಲ್ಲದ ಕರುಳಿನ ತೊಂದರೆಯೇ ಇರಬೇಕು, ಶೌಚಾಲಯ ಮತ್ತು ಕೈತೊಳೆಯುವುದೇ ಇದಕ್ಕೆ ದಾರಿ ಇರಬಹುದು ಅಂತ.

ಅಂದರೆ ಆ ತಾಯಿ ಹೇಳಿದ್ದು ಎರಡೂ ನಿಜವೇ ಇರಬಹುದಿತ್ತು. ಊಟ ಕೊಡುತ್ತಿದ್ದಳು. ಮಗು ಮಲಗಿರಲಿಲ್ಲ. ಆದರೂ 78.6.

ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ

ಇಲ್ಲಿಗೆ ಕತೆ ಮುಗಿದಿದ್ದರೆ ಚೆನ್ನಾಗಿತ್ತು. ಶೌಚಾಲಯ ಕಟ್ಟಿಸಿ, ಕೈ ತೊಳೆಸಿ, ಮಕ್ಕಳು ಉದ್ದ ಆಗುತ್ತಾರೆ. ಹಾಗಾಗಲಿಲ್ಲ.

ಬಾಂಗ್ಲಾದೇಶ, ಕೆನ್ಯಾ, ಜಿಂಬಾಬ್ವೆಗಳಲ್ಲಿ ಸಾವಿರಾರು ಬಸುರಿಯರನ್ನು ಸೇರಿಸಿಕೊಂಡು ದೊಡ್ಡ ಪ್ರಯೋಗಗಳು ನಡೆದವು. ಕೆಲವು ಮನೆಗೆ ಕ್ಲೋರಿನ್, ಶೌಚಾಲಯ, ಕೈತೊಳೆಯುವ ವ್ಯವಸ್ಥೆ. ಕೆಲವಕ್ಕೆ ಪೂರಕ ಆಹಾರ. ಕೆಲವಕ್ಕೆ ಎಲ್ಲವೂ. ಜಿಂಬಾಬ್ವೆಯಲ್ಲಂತೂ ಕೂಸು ಮಣ್ಣು ತಿನ್ನದಿರಲಿ ಅಂತ ಆಡುವ ಚಾಪೆ ಮತ್ತು ಸುತ್ತ ಕಟ್ಟುವ ಪುಟ್ಟ ಬೇಲಿಯನ್ನೂ ಕೊಟ್ಟರು. 2018, 2019ರಲ್ಲಿ ಫಲಿತಾಂಶ ಬಂತು. ಪೂರಕ ಆಹಾರ ಸಿಕ್ಕ ಮಕ್ಕಳು ಸ್ವಲ್ಪ ಉದ್ದ ಆಗಿದ್ದರು. ನೀರು ಮತ್ತು ಶೌಚದ ವ್ಯವಸ್ಥೆಯಿಂದ ಬಾಂಗ್ಲಾದೇಶದಲ್ಲಿ ಭೇದಿ ಸುಮಾರು ಮೂರನೇ ಒಂದು ಪಾಲು ಇಳಿಯಿತು, ಉಳಿದೆರಡು ಕಡೆ ಅದೂ ಇಲ್ಲ. ಉದ್ದದಲ್ಲಿ ಮಾತ್ರ ಮೂರೂ ಕಡೆ ವ್ಯತ್ಯಾಸ ಶೂನ್ಯ. ಅದಕ್ಕೂ ಮೊದಲೇ, 2014ರಲ್ಲಿ, ಒಡಿಶಾದ 100 ಹಳ್ಳಿಗಳ ಪ್ರಯೋಗದಲ್ಲೂ ಹೀಗೇ ಆಗಿತ್ತು. ಶೌಚಾಲಯ ಇರುವ ಮನೆಗಳು ನೂರಕ್ಕೆ 9 ಇದ್ದದ್ದು 63 ಆದವು, ಮಕ್ಕಳ ಬೆಳವಣಿಗೆ ಇದ್ದಲ್ಲೇ ಇತ್ತು.

ಇದನ್ನು ಓದಿದವರು ಕೆಲವರು, ನೋಡಿ, ಶೌಚಾಲಯಕ್ಕೂ ಎತ್ತರಕ್ಕೂ ಸಂಬಂಧವೇ ಇಲ್ಲ ಅಂದುಬಿಟ್ಟರು. ನನಗೆ ಅದು ಒಪ್ಪಿಗೆಯಿಲ್ಲ. ನೂರರಲ್ಲಿ 63 ಮನೆಗೆ ಶೌಚಾಲಯ ಬಂತು ಅಂದರೆ ಇನ್ನು 37 ಮನೆಯವರು ಬಯಲಿಗೇ ಹೋಗುತ್ತಿದ್ದಾರೆ, ಕಟ್ಟಿಸಿಕೊಂಡವರಲ್ಲೂ ಎಲ್ಲರೂ ಬಳಸುತ್ತಿಲ್ಲ. ನೊಣಕ್ಕೆ ಯಾವ ಮನೆಯದ್ದು ಅಂತ ಗೊತ್ತಾಗುತ್ತದಾ? ಮಳೆನೀರು ಕೇಳಿಕೊಂಡು ಹರಿಯುತ್ತದಾ? ಪಕ್ಕದ ಮನೆಯ ಮಲ ನನ್ನ ಮನೆಯ ಕೂಸಿನ ಅಂಗೈಗೆ ಬರುವುದಕ್ಕೆ ನನ್ನ ಅನುಮತಿ ಬೇಕಿಲ್ಲ. ಮಾಲಿ ದೇಶದಲ್ಲಿ 121 ಹಳ್ಳಿಗಳಲ್ಲಿ ಇನ್ನೊಂದು ಬಗೆಯ ಪ್ರಯೋಗ ನಡೆಯಿತು. ಅಲ್ಲಿ ಮನೆಮನೆಯ ಲೆಕ್ಕ ಬಿಟ್ಟು ಇಡೀ ಹಳ್ಳಿಯನ್ನೇ ಬಯಲಿಗೆ ಹೋಗುವುದನ್ನು ಬಿಡುವ ಹಾಗೆ ಒಪ್ಪಿಸಲು ಹೊರಟರು. 2015ರಲ್ಲಿ ಬಂದ ಫಲಿತಾಂಶ ವಿಚಿತ್ರವಾಗಿತ್ತು. ಭೇದಿ ಕಡಿಮೆಯಾಗಿರಲಿಲ್ಲ, ಆದರೆ ಮಕ್ಕಳು ಸ್ವಲ್ಪ ಉದ್ದ ಆಗಿದ್ದರು. ಒಂದು ಪ್ರಯೋಗದಿಂದ ಎಲ್ಲವೂ ಸಾಬೀತಾಗುವುದಿಲ್ಲ, ಗೊತ್ತು. ಆದರೂ ನನಗೆ ಕೊಂಚ ಧೈರ್ಯ ಬಂದದ್ದು ಅದನ್ನು ಓದಿಯೇ.

ಇನ್ನೊಂದು ವಿಷಯ ನನ್ನನ್ನು ರೇಗಿಸುತ್ತದೆ. ಈ ಪ್ರಯೋಗಗಳಲ್ಲಿ ಕೊಟ್ಟದ್ದೆಲ್ಲ ಕೊನೆಗೆ ಯಾರ ಕೆಲಸ? ತಾಯಿಯದ್ದು. ದಿನಾ ನೀರಿಗೆ ಕ್ಲೋರಿನ್ ಹಾಕು, ಅರ್ಧ ಗಂಟೆ ಕಾಯಿ, ಕೈ ತೊಳಿ, ಮಗುವಿನ ಕೈ ತೊಳಿ, ಕಕ್ಕ ಎತ್ತಿ ಶೌಚದ ಗುಂಡಿಗೆ ಹಾಕು, ಚಾಪೆಯಿಂದಾಚೆ ಹೋಗದಂತೆ ನೋಡಿಕೋ. ಒಂದು ದಿನ ತಪ್ಪಿದರೆ ತಪ್ಪು ಅವಳದ್ದು. ಅಮೆರಿಕದ ಜರ್ಸಿ ಸಿಟಿಯಲ್ಲಿ 1908ರಲ್ಲಿ ಊರಿನ ನೀರಿಗೆಲ್ಲ ಕ್ಲೋರಿನ್ ಹಾಕಲು ಶುರು ಮಾಡಿದಾಗ ಯಾವ ತಾಯಿಗೂ ಹನಿ ಎಣಿಸಲು ಹೇಳಲಿಲ್ಲ. ನಲ್ಲಿ ತಿರುಗಿಸಿದರೆ ಬರುತ್ತಿತ್ತು. ನೀರು ಮನೆಯ ತನಕ ಶುಚಿಯಾಗಿ ಬರುವುದು, ಮಲ ಯಾರ ಕೈಗೂ ಕಾಲಿಗೂ ತಾಗದೆ ದೂರ ಹೋಗುವುದು, ಇವು ಊರಿನ ಕೆಲಸಗಳು. 2022ರಲ್ಲೂ ಜಗತ್ತಿನ 220 ಕೋಟಿ ಜನರಿಗೆ ಮೊದಲನೆಯದು ಇರಲಿಲ್ಲ, 350 ಕೋಟಿ ಜನರಿಗೆ ಎರಡನೆಯದು ಇರಲಿಲ್ಲ. ಅವರ ಕೈಗೊಂದು ಸೋಪು ಕೊಟ್ಟು ಮಗುವಿನ ಉದ್ದ ಅಳೆಯುತ್ತೇವೆ.

ಬೇಲಿಯ ಒಳಗೆ, ಹೊರಗೆ

ಮತ್ತೆ ಕೆನೆಬಾಗೆ ಬರುತ್ತೇನೆ, ಆ ಹಳ್ಳಿ ನನ್ನ ತಲೆಯಿಂದ ಹೋಗುವುದೇ ಇಲ್ಲ. ಅಲ್ಲಿ ಹಲವು ದಶಕಗಳಿಂದ ಒಂದು ಬ್ರಿಟಿಷ್ ಸಂಶೋಧನಾ ಕೇಂದ್ರ ಇದೆ. ಹಳ್ಳಿಯ ಮಕ್ಕಳಿಗೆ ಪುಕ್ಕಟೆ ಚಿಕಿತ್ಸೆ, ಲಸಿಕೆ, ಕೊಳವೆಬಾವಿ, ಶೌಚದ ಗುಂಡಿಗಳು, ಎಲ್ಲ ಒಂದೊಂದಾಗಿ ಬಂದವು. ನಾಲ್ಕು ದಶಕಗಳಲ್ಲಿ ಎರಡು ವರ್ಷದ ಮಕ್ಕಳಲ್ಲಿ ಕುಂಠಿತರಾದವರು ನೂರಕ್ಕೆ 57 ಇದ್ದದ್ದು 30ಕ್ಕೆ ಇಳಿಯಿತು. ಒಳ್ಳೆಯದೇ. ಆದರೆ ಅಷ್ಟೆಲ್ಲ ಮಾಡಿದ ಮೇಲೂ 30.

ಆಮೇಲೆ ಯಾರಿಗೋ ಹೊಳೆಯಿತು, ಕೇಂದ್ರದ ಬೇಲಿಯೊಳಗೆ ಅಲ್ಲಿನ ಸಿಬ್ಬಂದಿಯ ಮಕ್ಕಳೂ ಬೆಳೆಯುತ್ತಿದ್ದಾರಲ್ಲ, ಅವರನ್ನು ಅಳೆದರೆ? ಅವರೂ ಗ್ಯಾಂಬಿಯಾದವರೇ. 2018ರಲ್ಲಿ ಅದು ಪ್ರಕಟವಾಯಿತು. ಬೇಲಿಯೊಳಗೆ ಗಟ್ಟಿ ಮನೆ, ಕೊಳಾಯಿ ನೀರು, ಮನೆಯೊಳಗೇ ಶೌಚಾಲಯ. ಆ ಮಕ್ಕಳು ಪಟ್ಟಿಯ ಗೆರೆಗೆ ಹತ್ತಿರಹತ್ತಿರವೇ ಬೆಳೆದಿದ್ದರು. ಬೇಲಿಯ ಹೊರಗೆ, ಹಳ್ಳಿಯ ಅನುಕೂಲವಂತರ ಮಕ್ಕಳು ಕೂಡ ತಮ್ಮ ಬಡ ನೆರೆಹೊರೆಯವರಿಗಿಂತ ಅಷ್ಟೇನೂ ಮುಂದೆ ಇರಲಿಲ್ಲ. ಬೇಲಿಯೊಳಗಿನವರ ಸಂಬಳ, ಓದು ಎಲ್ಲವೂ ಹೆಚ್ಚೇ, ಬರೀ ನೀರೇ ಕಾರಣ ಅಂತ ನಾನು ಹೇಳಲಾರೆ. ಆದರೆ ಅರ್ಧಂಬರ್ಧ ಶುಚಿ ಸಾಕಾಗುವುದಿಲ್ಲ, ಒಂದು ಮಟ್ಟ ದಾಟಲೇಬೇಕು ಅಂತ ನನಗೆ ಅದನ್ನು ಓದಿದ ಮೇಲೆ ಅನ್ನಿಸಿದೆ. ಇದ್ದಬದ್ದ ದುಡ್ಡಲ್ಲಿ ಒಂದು ಮನೆ ಮಾತ್ರ ಆ ಮಟ್ಟ ದಾಟುವುದೂ ಸುಲಭವಿಲ್ಲ. ಹೊಸಿಲಿನಾಚೆ ಎಲ್ಲರದ್ದೂ ಒಂದೇ ಮಣ್ಣು.

ಕಳೆದ ವರ್ಷ ಗೆಳತಿಯ ಜೊತೆ ಮತ್ತೊಮ್ಮೆ ಅಳೆಯಲು ಹೋಗಿದ್ದೆ. ಈ ಸಲ ಕಾಲು ಹಿಡಿಯುವುದು ಸ್ವಲ್ಪ ಅಭ್ಯಾಸವಾಗಿತ್ತು. ಒಂದೂವರೆ ವರ್ಷದ ಗಂಡುಮಗುವನ್ನು ಹಲಗೆಯಿಂದ ಎತ್ತಿಕೊಡುತ್ತಿದ್ದ ಹಾಗೆ, ನಾನು ಬಾಯಿ ತೆರೆಯುವ ಮೊದಲೇ ಅವನ ತಾಯಿ ಅಂದಳು, "ಊಟ ಎಲ್ಲಾ ಚೆನ್ನಾಗಿ ಮಾಡ್ತಾನೆ ಅಕ್ಕಾ." ಎಷ್ಟು ಜನ ಕೇಳಿದ್ದರೋ. ಅಂಕಿ ಬರೆದುಕೊಂಡೆ. ಆಮೇಲೆ, ನೀರು ಎಲ್ಲಿಂದ ತರ್ತೀರಿ ಅಂತ ಕೇಳಿದೆ. ಅವಳು ಮಗುವನ್ನು ಸೊಂಟ ಬದಲಿಸಿಕೊಂಡಳು. ಹತ್ತಿರ ಒಂದು ನಲ್ಲಿ ಇದೆ, ಅದರ ಕೆಳಗೇ ಮೋರಿ ಹರಿಯುತ್ತೆ, ಮಳೆ ಬಂದರೆ ಎರಡೂ ಒಂದೇ ಆಗುತ್ತೆ, ಅದಕ್ಕೆ ದೂರದ್ದಕ್ಕೇ ಹೋಗ್ತೀವಿ, ಆದ್ರೆ ಇವನನ್ನ ಎತ್ಕೊಂಡು ಎರಡು ಬಿಂದಿಗೆ ತರೋಕಾಗಲ್ಲ, ಅವತ್ತು ಹತ್ತಿರದ್ದೇ, ಪೈಪು ಒಡೆದು ಎಷ್ಟು ದಿನ ಆಯ್ತು ಅಂದ್ರೆ ಇವನಿನ್ನೂ ಹೊಟ್ಟೇಲಿದ್ದ. ಹೇಳುತ್ತಲೇ ಹೋದಳು. ನನ್ನ ಹಾಳೆಯಲ್ಲಿ ವಯಸ್ಸು, ತೂಕ, ಉದ್ದ ಇಷ್ಟಕ್ಕೇ ಜಾಗ ಇತ್ತು. ಹಿಂದಕ್ಕೆ ತಿರುಗಿಸಿ ಬರೆಯತೊಡಗಿದೆ. ಅಷ್ಟರಲ್ಲಿ ಮುಂದಿನ ಮಗುವನ್ನು ಹಲಗೆಗೆ ಮಲಗಿಸಿದ್ದರು, ಅದು ಕಿರುಚುತ್ತಿತ್ತು, ಗೆಳತಿ ಕಾಲು ಹಿಡಿ ಬಾರೇ ಅಂತ ಕೂಗುತ್ತಿದ್ದಳು.